ಹದ ನೋಡಿ ಪಾಠ

ಜೂನ್ ಆರಂಭದಲ್ಲಿ ನಮ್ಮ ಶಾಲೆಗಳ ಬಾಗಿಲು ತೆರೆಯುವಾಗ ಪಂಚಾಂಗದಲ್ಲಿ ರೋಹಿಣಿ ಮಳೆ ನಡೆದಿರುತ್ತದೆ. ವಾರ ಕಳೆಯುವಷ್ಟರಲ್ಲಿ ಮೃಗಶಿರ ಹುಟ್ಟುತ್ತದೆ. ಉತ್ತರ ಕರ್ನಾಟಕದ ರೈತರ ಬಾಯಲ್ಲಿ ಅದು ಮಿರಗ. ಮಣ್ಣು ನೆನೆಯುವಷ್ಟು ಮಳೆ ಬಿದ್ದ ಮರುದಿನ ಬೆಳಿಗ್ಗೆ ಹೊಲದ ಬದುವಿನಲ್ಲಿ, ಶಾಲೆಯ ಬಯಲಿನಲ್ಲಿ ಕಡುಗೆಂಪು ಬಣ್ಣದ, ಮೈತುಂಬ ಮಖಮಲ್ಲಿನ ನವಿರು ಹೊದ್ದ ಪುಟ್ಟ ಹುಳುಗಳು ಮೇಲೆದ್ದು ಓಡಾಡತೊಡಗುತ್ತವೆ. ಮಕ್ಕಳು ಅವನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ತರಗತಿಗೆ ಬರುತ್ತಾರೆ.

ಒಂದು ಇಡೀ ವಿಜ್ಞಾನದ ಅವಧಿಗೆ ಆ ಬೆಂಕಿಪೊಟ್ಟಣವೇ ಸಾಕು. ಕಾಲು ಎಣಿಸಿ ಎಂದರೆ ಆರು ಇರಬಹುದು ಎಂದುಕೊಂಡ ಮಕ್ಕಳಿಗೆ ಎಂಟು ಸಿಗುತ್ತವೆ. ಆರು ಕಾಲಿನದು ಕೀಟ, ಎಂಟು ಕಾಲಿನದು ಜೇಡ, ಚೇಳು, ಉಣ್ಣೆಗಳ ಬಳಗ ಎಂಬ ವರ್ಗೀಕರಣ ಅಲ್ಲೇ, ಅಂಗೈ ಮೇಲೇ ಆಗಿಹೋಗುತ್ತದೆ. ಇಷ್ಟು ದಿನ ಎಲ್ಲಿತ್ತು, ಇವತ್ತೇ ಯಾಕೆ ಬಂತು ಎಂದು ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ. ವರ್ಷದ ಬಹುಭಾಗ ಮಣ್ಣಿನೊಳಗೇ ಇರುವ ಈ ಜೀವಿ ಮೊದಲ ಮಳೆಗಳಿಗೆ ಮೇಲೆ ಬರುತ್ತದೆ. ಅದೇ ಮಳೆಗೆ ಗೆದ್ದಲಿಗೂ ರೆಕ್ಕೆ ಬಂದು, ಸಂಜೆ ದೀಪದ ಸುತ್ತ ಮುತ್ತಿ, ಬೆಳಗಾಗುವಷ್ಟರಲ್ಲಿ ರೆಕ್ಕೆ ಉದುರಿಸಿ ನೆಲದ ಮೇಲೆ ತೆವಳುತ್ತಿರುತ್ತದೆ. ಕೆಂಪು ಹುಳುವಿಗೆ ಅದೇ ಊಟ. ಆಹಾರ ಸರಪಳಿಯ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆಯುವ ಮೊದಲೇ ಮಗು ಅದನ್ನು ಕಣ್ಣಾರೆ ಕಂಡಿರುತ್ತದೆ. ಕೆಲವು ದಿನ ಕಳೆದರೆ ಹುಳು ಮತ್ತೆ ಮಣ್ಣಿಗಿಳಿಯುತ್ತದೆ. ಆಮೇಲೆ ಈ ಪಾಠ ಮಾಡಬೇಕೆಂದರೆ ಮುಂದಿನ ಮಿರಗದವರೆಗೆ ಕಾಯಬೇಕು.

ಆ ದಿನಗಳಲ್ಲಿ ತರಗತಿಯೊಳಗೆ ನಡೆಯುತ್ತಿರುವುದು ಸೇತುಬಂಧದ ಪೂರ್ವ ಪರೀಕ್ಷೆ. ಅದು ಬೇಡವೆಂದು ನಾನು ಹೇಳುತ್ತಿಲ್ಲ. ಹಿಂದಿನ ವರ್ಷ ಕಲಿತದ್ದು ಎಷ್ಟು ಉಳಿದಿದೆ ಎಂದು ನೋಡಲೇಬೇಕು. ನನ್ನ ತಕರಾರು ಬೇರೆ. ಪಠ್ಯದಲ್ಲಿ ಬೀಜ ಇದೆ, ಕಪ್ಪೆ ಇದೆ, ಮಣ್ಣು, ಮಳೆ, ವಲಸೆ ಹಕ್ಕಿ, ಸೂರ್ಯನ ಚಲನೆ ಎಲ್ಲ ಇವೆ. ಆದರೆ ಅವೆಲ್ಲ ಅಚ್ಚಾದ ಕ್ರಮದಲ್ಲಿ ಬರುತ್ತವೆ, ಹೊರಗೆ ಅವು ಒದಗುವ ಕಾಲಕ್ಕೆ ಬರುವುದಿಲ್ಲ. ಗೊದಮೊಟ್ಟೆ ಕಪ್ಪೆಯಾಗುವ ಪಾಠ ಬರುವಷ್ಟರಲ್ಲಿ ಎಷ್ಟೋ ಊರುಗಳಲ್ಲಿ ಕುಂಟೆ ಒಣಗಿರುತ್ತದೆ. ಬೀಜ ಮೊಳೆಯುವ ಪಾಠ ನಡೆಯುವಾಗ ಹೊಲದಲ್ಲಿ ಕಟಾವು ನಡೆದಿರುತ್ತದೆ. ಹೊಲಕ್ಕೆ ಹದ ಇರುವಂತೆ ಪಾಠಕ್ಕೂ ಹದ ಇದೆ. ಪಠ್ಯದ ಒಂದು ಸಾಲನ್ನೂ ಬದಲಿಸದೆ, ಪಾಠಗಳ ಸರದಿಯನ್ನು ಮಾತ್ರ ಋತುಮಾನಕ್ಕೆ ಹೊಂದಿಸಿಕೊಂಡರೆ ಕಲಿಕೆಯ ಅರ್ಧ ಕಷ್ಟ ಕಡಿಮೆಯಾಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಇದಕ್ಕೆ ಬೇಕಾದ ವೇಳಾಪಟ್ಟಿ ನಮ್ಮಲ್ಲಿ ಆಗಲೇ ಇದೆ. ಸೂರ್ಯ 27 ನಕ್ಷತ್ರಗಳನ್ನು ಒಂದು ವರ್ಷದಲ್ಲಿ ಸುತ್ತುವ ಲೆಕ್ಕದಲ್ಲಿ ಒಂದೊಂದು ಮಳೆಗೆ ಹದಿಮೂರು-ಹದಿನಾಲ್ಕು ದಿನ. ಮೇ ಕೊನೆಯ ರೋಹಿಣಿಯಿಂದ ನವೆಂಬರಿನ ವಿಶಾಖದವರೆಗೆ ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಎಂದು ಸಾಲಾಗಿ ಹದಿಮೂರು ಮಳೆಗಳು ಶಾಲಾ ವರ್ಷದ ಮೊದಲರ್ಧವನ್ನು ತುಂಬುತ್ತವೆ. ಎರಡು ವಾರಕ್ಕೊಂದು ಘಟಕ ಎಂದರೆ ಶಿಕ್ಷಕರಿಗೂ ಒಗ್ಗುವ ಅಳತೆಯೇ. ಯಾವ ಮಳೆಗೆ ಯಾವ ಬಿತ್ತನೆ, ಯಾವ ಮಳೆಗೆ ಯಾವ ಕಳೆ, ಯಾವ ಹುಳದ ಕಾಟ ಎಂಬುದು ಊರಿನ ಹಿರಿಯರಿಗೆ ಬಾಯಿಪಾಠ. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು ಎಂಬಂಥ ಗಾದೆಗಳನ್ನು ಮಕ್ಕಳು ಅಜ್ಜ-ಅಜ್ಜಿಯರಿಂದ ಕೇಳಿ ಬರೆದುಕೊಂಡು ಬಂದರೆ ಅದು ಭಾಷೆಯ ಪಾಠ. ಆ ಗಾದೆ ನಮ್ಮೂರಲ್ಲಿ ಈ ವರ್ಷ ನಿಜವಾಯಿತೇ ಎಂದು ಅಳೆದು ನೋಡಿದರೆ ವಿಜ್ಞಾನದ ಪಾಠ.

ಅಳೆಯುವುದಕ್ಕೆ ದುಬಾರಿ ಉಪಕರಣ ಬೇಡ. ಉದ್ದಕ್ಕೂ ಒಂದೇ ಅಗಲವಿರುವ, ತಳ ಸಮತಟ್ಟಾದ ಒಂದು ಡಬ್ಬಿ, ಒಂದು ಅಡಿಪಟ್ಟಿ ಸಾಕು. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ನೋಡಿ, ಮಿಲಿಮೀಟರಿನಲ್ಲಿ ಬರೆದು, ನೀರು ಚೆಲ್ಲಿ ಮತ್ತೆ ಇಡಬೇಕು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಈ ಒಂದು ಸೂತ್ರ ತಿಳಿದ ಐದನೇ ತರಗತಿಯ ಮಗು ನೂರು ಚದರ ಮೀಟರಿನ ಶಾಲೆಯ ಚಾವಣಿಯ ಮೇಲೆ ನಿನ್ನೆ ರಾತ್ರಿಯ ಹತ್ತು ಮಿಲಿಮೀಟರ್ ಮಳೆಗೆ ಸಾವಿರ ಲೀಟರ್ ನೀರು ಬಿತ್ತೆಂದು ಲೆಕ್ಕ ಹಾಕುತ್ತದೆ. ಬಿಸಿಯೂಟದ ಅಡುಗೆಗೆ ಅದು ಎಷ್ಟು ದಿನಕ್ಕೆ ಸಾಕಾಗುತ್ತಿತ್ತು ಎಂದು ಅಡುಗೆಯ ಅಕ್ಕನನ್ನು ಕೇಳಿಕೊಂಡು ಬರುತ್ತದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕಗಳನ್ನು ಇಟ್ಟಿದೆ. ಆ ಅಂಕಿಯ ಜೊತೆ ನಮ್ಮ ಡಬ್ಬಿಯ ಅಂಕಿಯನ್ನು ಹೋಲಿಸಬಹುದು. ಎರಡೂ ತಾಳೆಯಾಗದಿದ್ದರೆ ಇನ್ನೂ ಒಳ್ಳೆಯದು. ಒಂದೇ ಊರಿನ ಎರಡು ಕೇರಿಗಳಲ್ಲಿ ಮಳೆ ಬೇರೆ ಬೇರೆ ಬೀಳುತ್ತದೆ ಎಂಬ ಹೊಸ ಪಾಠ ಅಲ್ಲಿಂದ ಶುರುವಾಗುತ್ತದೆ.

ಹಬ್ಬಗಳೂ ಇದೇ ವೇಳಾಪಟ್ಟಿಯ ಭಾಗ. ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ವಿಜಯಪುರ, ಬಾಗಲಕೋಟೆ, ಧಾರವಾಡದ ಕಡೆ ಮಕ್ಕಳು ಜಿಗುಟು ಮಣ್ಣು ತಂದು ಎತ್ತು ಮಾಡುತ್ತಾರೆ. ಯಾವ ಮಣ್ಣಿನ ಕೊಂಬು ನಿಲ್ಲುತ್ತದೆ, ಯಾವುದರದು ಕುಸಿಯುತ್ತದೆ, ಒಣಗಿದಾಗ ಯಾವುದು ಬಿರಿಯುತ್ತದೆ ಎಂದು ಅವರ ಬೆರಳಿಗೆ ಗೊತ್ತು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಬೀಳುವ ಬಿರುಕಿಗೂ ಎತ್ತಿನ ಬೆನ್ನಿನ ಬಿರುಕಿಗೂ ಕಾರಣ ಒಂದೇ. ಮಣ್ಣಿನ ವಿಧಗಳ ಪಾಠಕ್ಕೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ವಾರ ಇಲ್ಲ. ಕೊಡಗಿನಲ್ಲಿ ಆಗಸ್ಟ್ 3ರಂದು ಕಕ್ಕಡ ಹದಿನೆಂಟು. ಮದ್ದುಸೊಪ್ಪಿನ ರಸದಲ್ಲಿ ಪಾಯಸ ಮಾಡುವ ದಿನ. ಎಲೆ ಹಸಿರಾಗಿದ್ದರೂ ಪಾಯಸಕ್ಕೆ ಆ ಗಾಢ ನೇರಳೆ ಬಣ್ಣ ಎಲ್ಲಿಂದ ಬಂತು ಎಂದು ಅಲ್ಲಿನ ಮಗು ಆ ದಿನ ಕೇಳುವಷ್ಟು ಆಸಕ್ತಿಯಿಂದ ಬೇರೆ ದಿನ ಕೇಳುವುದಿಲ್ಲ.

ಹೀಗೆ ಯೋಚಿಸಿದವರು ನಮ್ಮ ದೇಶದಲ್ಲಿ ಮೊದಲೇ ಇದ್ದರು. ರವೀಂದ್ರನಾಥ ಟ್ಯಾಗೋರರು 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ತೆರೆದು ಮರದ ನೆರಳಲ್ಲಿ ತರಗತಿ ನಡೆಸಿದರು. ಮಳೆಗಾಲಕ್ಕೆ, ವಸಂತಕ್ಕೆ ಒಂದೊಂದು ಉತ್ಸವ ಕಟ್ಟಿದರು. 1928ರಲ್ಲಿ ವೃಕ್ಷಾರೋಪಣ ಮತ್ತು ಹಲಕರ್ಷಣ, ಅಂದರೆ ಗಿಡ ನೆಡುವ ಮತ್ತು ನೇಗಿಲು ಹೂಡುವ ಹಬ್ಬಗಳು ಶುರುವಾದವು. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕರೆದ ಸಮ್ಮೇಳನದಿಂದ ನಯೀ ತಾಲೀಮ್ ಹುಟ್ಟಿತು; ಜಾಕಿರ್ ಹುಸೇನ್ ಸಮಿತಿ ಅದಕ್ಕೆ ಪಠ್ಯಕ್ರಮ ರೂಪಿಸಿತು. ಅದರ ಕೇಂದ್ರದಲ್ಲಿದ್ದದ್ದು ಹತ್ತಿ. ಮಳೆಗೆ ಬಿತ್ತಿ, ಚಳಿಗೆ ಬಿಡಿಸಿ, ಹಿಂಜಿ, ನೂತು, ನೇಯುವ ಒಂದೇ ದಾರದಲ್ಲಿ ಗಣಿತ, ಇತಿಹಾಸ, ಭೂಗೋಳ ಎಲ್ಲವನ್ನೂ ಪೋಣಿಸುವ ಯೋಚನೆ ಅದು. ಸ್ವಾತಂತ್ರ್ಯಾನಂತರ ಹಲವೆಡೆ ಅದು ಬರೀ ತಕಲಿ ತಿರುಗಿಸುವ ಅವಧಿಯಾಗಿ ಸೊರಗಿತು. ಯೋಚನೆಯಲ್ಲಿ ದೋಷವಿರಲಿಲ್ಲ, ದಾರ ಉಳಿದು ಪೋಣಿಸುವ ಕೆಲಸ ನಿಂತುಹೋಯಿತು ಎಂದೇ ನಾನು ತಿಳಿದಿದ್ದೇನೆ.

ಕನ್ನಡಿಗರಿಗೆ ಇನ್ನೂ ಹತ್ತಿರದ ಗುರು ಬಿ.ಜಿ.ಎಲ್. ಸ್ವಾಮಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಅವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡು-ಬೆಟ್ಟ ಅಲೆದ ಅನುಭವವೇ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಹಸುರು ಹೊನ್ನು'. ಸಸ್ಯಶಾಸ್ತ್ರದವರಿಗೆ ಕಾಲ ನೋಡಿ ಹೊರಡದೆ ಗತಿಯಿಲ್ಲ. ಗಿಡದ ಕುಲ ಗೊತ್ತಾಗುವುದು ಹೂವಿನಿಂದ, ಹೂ ಇರುವುದು ಕೆಲವೇ ವಾರ. ಕಾಲೇಜಿನ ವಿದ್ಯಾರ್ಥಿಗೆ ಸಿಕ್ಕ ಆ ಭಾಗ್ಯ ಹತ್ತು ವರ್ಷದ ಮಗುವಿಗೂ ಸಿಗಬೇಕು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದ ಪ್ರಯೋಗಕ್ಕಿಳಿದದ್ದೂ ಗೋಡೆಯ ಹೊರಗಿನ ಜಗತ್ತನ್ನು ಮಗುವಿನ ಕೈಗೆ ಕೊಡಬೇಕೆಂದೇ.

ಮಳೆ ಇಲ್ಲದ ತಿಂಗಳುಗಳಿಗೆ ಸೂರ್ಯ ಇದ್ದಾನೆ. ಶಾಲೆಯ ಬಯಲಿನಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ, ನಡುಹಗಲಿನಲ್ಲಿ ನೆರಳು ಅತಿ ಗಿಡ್ಡವಾದಾಗ ಅದರ ತುದಿಗೆ ಒಂದು ಗೂಟ ಹೊಡೆಯುವುದು. ತಿಂಗಳಿಗೊಮ್ಮೆ ಹೀಗೆ ಮಾಡುವುದು. ಬೆಂಗಳೂರಿನ ಅಕ್ಷಾಂಶದಲ್ಲಿ ಮಾರ್ಚ್ ಮತ್ತು ಸೆಪ್ಟೆಂಬರಿನ ಹಗಲು-ರಾತ್ರಿ ಸಮನಾದ ದಿನಗಳಂದು ಈ ನೆರಳು ಸುಮಾರು 23 ಸೆಂಟಿಮೀಟರ್. ಡಿಸೆಂಬರ್ 21ರ ಹೊತ್ತಿಗೆ ಅದು 74 ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಜೂನ್ 21ರಂದು ಮೋಡ ಸರಿದರೆ ಮಕ್ಕಳು ಬೆರಗಾಗುವ ಸಂಗತಿ ಕಾಣುತ್ತದೆ: ನೆರಳು 18 ಸೆಂಟಿಮೀಟರ್ ಇದ್ದು, ಅದು ದಕ್ಷಿಣಕ್ಕೆ ಬಿದ್ದಿರುತ್ತದೆ. ಸೂರ್ಯ ನಡುನೆತ್ತಿಯನ್ನು ದಾಟಿ ಉತ್ತರಕ್ಕೆ ಹೋಗಿದ್ದಾನೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅವನು ನೇರ ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರಿಗೆ ಆ ಶೂನ್ಯ ನೆರಳಿನ ದಿನಗಳು ಏಪ್ರಿಲ್ 24-25 ಮತ್ತು ಆಗಸ್ಟ್ 18ರ ಆಸುಪಾಸು. ಏಪ್ರಿಲಿನಲ್ಲಿ ಬಿಸಿಲಿದೆ, ಶಾಲೆಗೆ ರಜೆ. ಆಗಸ್ಟಿನಲ್ಲಿ ಶಾಲೆಯಿದೆ, ಮೋಡ ಮುಸುಕಿರುತ್ತದೆ. ಆದ್ದರಿಂದ ಏಪ್ರಿಲಿನ ಆ ಮಧ್ಯಾಹ್ನ ಮನೆಯಂಗಳದಲ್ಲೇ ನೋಡಿ ಬರೆದಿಡಲು ಮಕ್ಕಳಿಗೆ ಹೇಳಿ ಕಳಿಸಬೇಕು. ಬೀದರಿನಲ್ಲಿರುವ ಮಾವನ ಮಗನಿಗೆ ಫೋನ್ ಮಾಡಿ ಅಲ್ಲಿ ಯಾವತ್ತು ನೆರಳು ಮಾಯವಾಯಿತು ಎಂದು ಕೇಳಿದರೆ ಅದು ಮೇ ತಿಂಗಳಿಗೆ ಹೋಗಿರುತ್ತದೆ. ಅಕ್ಷಾಂಶ ಎಂದರೇನು ಎಂದು ಆ ಮಗುವಿಗೆ ಮತ್ತೆ ಯಾರೂ ಹೇಳಿಕೊಡಬೇಕಾಗಿಲ್ಲ. ವರ್ಷ ಮುಗಿದಾಗ ಹನ್ನೆರಡು ಗೂಟಗಳು ನೆಲದ ಮೇಲಿರುತ್ತವೆ. ಮುಂದಿನ ವರ್ಷ ನೆರಳು ಅದೇ ಗೂಟಗಳ ಬಳಿಗೆ ಅದೇ ಕ್ರಮದಲ್ಲಿ ಮರಳುತ್ತದೆ. ಮೊದಲ ವರ್ಷ ಕಂಡದ್ದು ಚಕ್ರ ಎಂದು ಮಗುವಿಗೆ ಖಾತ್ರಿಯಾಗುವುದು ಎರಡನೇ ವರ್ಷದಲ್ಲಿ.

ಭೂಗೋಳಕ್ಕೆ ಚಳಿಗಾಲ ಒಳ್ಳೆಯದು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ನವೆಂಬರಿನಿಂದ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಬರುವ ಈ ಹಕ್ಕಿಗಳು ಹಗಲು ಕೆರೆಯಲ್ಲಿದ್ದು ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಶಿರಹಟ್ಟಿ ಸೀಮೆಯ ಮಕ್ಕಳಿಗೆ ಏಷ್ಯಾದ ನಕಾಶೆಯನ್ನು ಡಿಸೆಂಬರಿನಲ್ಲಿ ಬಿಡಿಸಿ ತೋರಿಸಿದರೆ ಮಂಗೋಲಿಯಾ ಎಂಬುದು ತಮ್ಮ ಕೆರೆಯ ಅತಿಥಿಗಳ ಊರಾಗುತ್ತದೆ. ಮದ್ದೂರಿನ ಬಳಿಯ ಕೊಕ್ಕರೆ ಬೆಳ್ಳೂರಿನ ಜನ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ತಿಳಿಯುತ್ತಾರೆ. ಮನೆಯ ಹಿತ್ತಲ ಹುಣಸೆ ಮರದಲ್ಲಿ ಗೂಡು ಕಟ್ಟಿ, ಮೊಟ್ಟೆ ಇಟ್ಟು, ಮರಿ ಬೆಳೆಸಿ ಹಾರಿಹೋಗುವವರೆಗಿನ ಕಥೆ ಅಲ್ಲಿ ಶಾಲೆಗೆ ಹೋಗುವ ದಾರಿಯಲ್ಲೇ ನಡೆಯುತ್ತದೆ.

ನಗರದ ಮಕ್ಕಳಿಗೆ ಇದೆಲ್ಲ ಎಲ್ಲಿ ಸಿಗಬೇಕು ಎಂದು ಕೇಳುವವರಿದ್ದಾರೆ. ಬೆಂಗಳೂರಿನ ಮಟ್ಟಿಗೆ ಉತ್ತರ ರಸ್ತೆ ಬದಿಯಲ್ಲಿದೆ. ಲಾಲ್‌ಬಾಗ್‌ನ ಉಸ್ತುವಾರಿ ಹೊತ್ತಿದ್ದ ಜರ್ಮನ್ ತೋಟಗಾರಿಕಾ ತಜ್ಞ ಜಿ.ಎಚ್. ಕ್ರುಂಬಿಗಲ್ ಒಂದು ಜಾತಿಯ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ, ವರ್ಷವಿಡೀ ಊರಿನಲ್ಲಿ ಹೂವಿರುವಂತೆ ಸಾಲುಮರಗಳನ್ನು ಆರಿಸಿದರು. ಚಳಿ ಇಳಿಯುವಾಗ ಗುಲಾಬಿ ತಬೂಬಿಯಾ, ಆಮೇಲೆ ಹಳದಿಯದು. ಯುಗಾದಿಯ ಹೊತ್ತಿಗೆ ಹೊಂಗೆಯ ಎಳೆಚಿಗುರು, ಬೇವಿನ ಹೂ. ಹಿಂದೆಯೇ ಜಕರಂಡ, ಕಕ್ಕೆ, ಗುಲ್‌ಮೊಹರ್. ಬಸ್ಸಿನ ಕಿಟಕಿಯಿಂದಲೇ ಈ ಪಂಚಾಂಗ ಓದಬಹುದು. ಓದಿದ್ದನ್ನು ಬರೆದಿಡುವ ಅಭ್ಯಾಸ ಮಾತ್ರ ಶಾಲೆ ಕಲಿಸಬೇಕು.

ಬರೆದಿಡುವುದು ಸಣ್ಣ ಕೆಲಸವಲ್ಲ. ಇಂಗ್ಲೆಂಡಿನ ನಾರ್ಫಕ್‌ನಲ್ಲಿ ರಾಬರ್ಟ್ ಮಾರ್ಷಮ್ ಎಂಬ ಜಮೀನುದಾರ 1736ರಿಂದ ತನ್ನ ಊರಿನಲ್ಲಿ ಕಪ್ಪೆ ಮೊದಲು ಕೂಗಿದ ದಿನ, ಓಕ್ ಮರ ಎಲೆ ಬಿಟ್ಟ ದಿನಗಳನ್ನು ದಾಖಲಿಸಿದ. ಅವನ ವಂಶದವರು ಅದನ್ನು 1958ರವರೆಗೆ ಮುಂದುವರಿಸಿದರು. ಜಪಾನಿನ ಕ್ಯೋಟೊದಲ್ಲಿ ಚೆರ್ರಿ ಹೂ ತುಂಬಿ ಅರಳಿದ ದಿನಗಳ ದಾಖಲೆ ಸಾವಿರದ ಇನ್ನೂರು ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ಅಷ್ಟೂ ಕಾಲದಲ್ಲಿ ಅತಿ ಬೇಗ ಅರಳಿದ ವರ್ಷಗಳಲ್ಲಿ 2021 ಮುಂಚೂಣಿಯಲ್ಲಿದೆ. ಭೂಮಿ ಬಿಸಿಯಾಗುತ್ತಿದೆ ಎಂದು ತೋರಿಸಲು ವಿಜ್ಞಾನಿಗಳಿಗೆ ಇಂಥ ಹಳೆಯ ದಿನಚರಿಗಳೇ ಆಧಾರವಾಗಿವೆ. ನಮ್ಮಲ್ಲಿ 2010ರಲ್ಲಿ ಶುರುವಾದ ಸೀಸನ್‌ವಾಚ್ ಎಂಬ ಕಾರ್ಯಕ್ರಮ ಇದನ್ನೇ ಮಕ್ಕಳ ಕೈಗೆ ಕೊಟ್ಟಿದೆ. ಮಗು ತನಗೆ ಹತ್ತಿರವಿರುವ ಒಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ನೋಡಿ, ಚಿಗುರು, ಎಲೆ, ಮೊಗ್ಗು, ಹೂ, ಕಾಯಿ, ಹಣ್ಣು ಇಲ್ಲವೇ, ಸ್ವಲ್ಪವೇ, ಬಹಳವೇ ಎಂದು ಗುರುತು ಹಾಕಬೇಕು. ಕೇರಳದ ಶಾಲಾ ಮಕ್ಕಳು ಇದರಲ್ಲಿ ಎಲ್ಲರಿಗಿಂತ ಮುಂದಿದ್ದಾರೆ. ಏಪ್ರಿಲ್ ಮಧ್ಯದ ವಿಷು ಹಬ್ಬದ ಕಣಿಗೆ ಬೇಕಾದ ಕೊನ್ನೆ ಹೂ, ಅಂದರೆ ನಮ್ಮ ಕಕ್ಕೆ, ಅಲ್ಲಿ ಈಗ ಎಷ್ಟೋ ಕಡೆ ಹಬ್ಬಕ್ಕೆ ಬಹಳ ಮೊದಲೇ ಅರಳಿಬಿಡುತ್ತದೆ.

ಮಳೆ ನಕ್ಷತ್ರಗಳ ಲೆಕ್ಕವೂ ತಪ್ಪುತ್ತಿದೆಯಲ್ಲ, ಅದನ್ನು ನಂಬಿ ಪಾಠ ಮಾಡುವುದು ಹೇಗೆ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಆರಿದ್ರಾ ಕೈಕೊಟ್ಟ ವರ್ಷ ಅದು ಕೈಕೊಟ್ಟಿತೆಂದು ಮಗು ಬರೆಯಬೇಕು. ಹತ್ತು ವರ್ಷ ಹೀಗೆ ಬರೆದ ಶಾಲೆಯ ಕಪಾಟಿನಲ್ಲಿ ಆ ಊರಿನ ಹವಾಮಾನದ ಚರಿತ್ರೆಯೇ ಇರುತ್ತದೆ.

ಇದುವರೆಗೆ ಹೊರಗಿನ ಋತುವಿನ ಮಾತಾಯಿತು. ಕಲಿಯುವ ಮಗುವಿಗೂ ತನ್ನದೇ ಋತುಗಳಿವೆ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾಗಿ ಮುಂದೆ ರಾಜ್ಯಕ್ಕೆಲ್ಲ ಹಬ್ಬಿದ 'ನಲಿ ಕಲಿ' ಇದನ್ನು ಗುರುತಿಸಿತು: ಪ್ರತಿ ಮಗು ತನ್ನ ಗತಿಯಲ್ಲಿ ಕಲಿಕಾ ಏಣಿ ಹತ್ತಲಿ, ನಾಲ್ಕು ದಿನ ಶಾಲೆ ತಪ್ಪಿಸಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಲಿ ಎಂದು. ನಾಲ್ಕನೇ ತರಗತಿಗೆ ಬಂದ ಕೂಡಲೇ ಆ ಸಾವಧಾನ ಮುಗಿದುಹೋಗುತ್ತದೆ. ಎಫ್‌ಎ-1, ಎಫ್‌ಎ-2, ಎಸ್‌ಎ-1 ಎಂಬ ಪರೀಕ್ಷೆಗಳಲ್ಲಿ ಒಂದರ ಹಿಂದೊಂದು ಫಸಲು ಕೇಳುತ್ತಾ ಹೋಗುತ್ತೇವೆ. ತುಳುನಾಡಿನಲ್ಲಿ ಫೆಬ್ರುವರಿಯ ಕೆಡ್ಡಸದ ದಿನಗಳಲ್ಲಿ ಭೂಮಿಗೆ ಹಾರೆ-ನೇಗಿಲು ತಾಗಿಸುವುದಿಲ್ಲ. ಭೂಮಿತಾಯಿ ಮುಟ್ಟಾಗಿದ್ದಾಳೆ, ಅವಳಿಗೆ ಬಿಡುವು ಬೇಕೆಂಬ ಗೌರವ ಅದು. ರಜೆಯಲ್ಲೂ ಟ್ಯೂಷನ್, ಬೇಸಿಗೆ ಶಿಬಿರ, ಮುಂದಿನ ತರಗತಿಯ ಪೋರ್ಷನ್ ಎಂದು ಉಳುತ್ತಲೇ ಇರುವ ಮನೆಗಳು ಕೆಡ್ಡಸದಿಂದ ಕಲಿಯಬೇಕಾದ್ದು ಬಹಳ ಇದೆ.

ನೀಲಕುರಿಂಜಿ ಹನ್ನೆರಡು ವರ್ಷಕ್ಕೊಮ್ಮೆ ಅರಳುತ್ತದೆ. ಮುನ್ನಾರಿನ ಬೆಟ್ಟಗಳಲ್ಲಿ 2006ರಲ್ಲಿ ಅರಳಿತು, 2018ರಲ್ಲಿ ಅರಳಿತು, ಮುಂದಿನದು 2030ಕ್ಕೆ. 2018ರ ಜೂನಿನಲ್ಲಿ ಒಂದನೇ ತರಗತಿಗೆ ಸೇರಿದ ಮಗು 2030ರ ಮಾರ್ಚಿನಲ್ಲಿ ಎರಡನೇ ಪಿಯು ಪರೀಕ್ಷೆ ಬರೆಯುತ್ತದೆ. ನಡುವಿನ ಹನ್ನೊಂದು ವರ್ಷ ಆ ಗಿಡ ಬರೀ ಎಲೆ, ಕಾಂಡ, ಬೇರು ಬೆಳೆಸಿಕೊಂಡಿರುತ್ತದೆ. ಹೂ ಬಿಡಲಿಲ್ಲವೆಂದು ಅದನ್ನು ಯಾರೂ ದಡ್ಡ ಎನ್ನುವುದಿಲ್ಲ.

ಅಡಚಣೆಗಳು ನನಗೆ ಗೊತ್ತಿಲ್ಲದೇ ಇಲ್ಲ. ಒಬ್ಬರೇ ಮೇಷ್ಟ್ರು ಐದು ತರಗತಿ ನೋಡಿಕೊಳ್ಳುವ ಶಾಲೆಗಳಿವೆ. ಮೊಟ್ಟೆ ವಿತರಣೆಯ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವ ಕೆಲಸ, ಚುನಾವಣೆ, ಗಣತಿ ಎಲ್ಲ ಅವರ ತಲೆಯ ಮೇಲೆಯೇ. ಇಂಥವರ ಮೇಲೆ ಹೊಸದೊಂದು ಕಾರ್ಯಕ್ರಮ ಹೇರಬಾರದು. ಅದಕ್ಕೇ ಹೇಳಿದ್ದು, ಸರದಿ ಬದಲಾದರೆ ಸಾಕು ಎಂದು. ಜಾಗವೂ ಇದೆ: 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಗೆ ಹತ್ತು ಬ್ಯಾಗ್‌ರಹಿತ ದಿನಗಳ ಮಾತಾಡಿದೆ, ನಮ್ಮ ಶಾಲೆಗಳಲ್ಲಿ ಸಂಭ್ರಮ ಶನಿವಾರ ಬಂದಿದೆ. ಪರಿಸರ ದಿನವೆಂದು ಜೂನ್ 5ರಂದು ನೆಡುವ ಸಸಿಗಳೂ ಇವೆ. ಫೋಟೊ ತೆಗೆದ ಮೇಲೆ ಅವುಗಳಲ್ಲಿ ಎಷ್ಟೋ ಮಾರ್ಚಿಗೆ ಒಣಗುತ್ತವೆ. ಒಂದನೇ ತರಗತಿಯಲ್ಲಿ ನೆಟ್ಟ ಸಸಿಯ ಎತ್ತರವನ್ನು ಅದೇ ಮಗು ಏಳನೇ ತರಗತಿಯವರೆಗೆ ಪ್ರತಿ ಯುಗಾದಿಗೂ ಅಳೆದು ಬರೆಯುವಂತಾದರೆ ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುವವರನ್ನು ಬೇರೆ ಹುಡುಕಬೇಕಾಗಿಲ್ಲ.

ಶಿಕ್ಷಕ ಬಂಧುಗಳಲ್ಲಿ ನನ್ನದು ಒಂದು ವಿನಂತಿ. ಮುಂದಿನ ವರ್ಷದ ಕ್ರಿಯಾಯೋಜನೆ ಬರೆಯಲು ಕೂರುವಾಗ ಪಠ್ಯಪುಸ್ತಕದ ಪಕ್ಕದಲ್ಲಿ ಮಳೆ ನಕ್ಷತ್ರಗಳಿರುವ ಒಂದು ಪಂಚಾಂಗ ಇಟ್ಟುಕೊಳ್ಳಿ, ಊರಿನ ಒಬ್ಬ ಹಿರಿಯ ರೈತನನ್ನೋ ರೈತ ಮಹಿಳೆಯನ್ನೋ ಕರೆದು ಕೂರಿಸಿಕೊಳ್ಳಿ. ಯಾವ ಪಾಠ ಯಾವ ಮಳೆಗೆ ಎಂದು ಅವರೊಡನೆ ಮಾತಾಡಿ ಬರೆಯಿರಿ. ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಅದನ್ನು ಹಂಚಿಕೊಳ್ಳಿ. ಅಧಿಕಾರಿಗಳು ಆ ಸರದಿಗೆ ಅನುಮತಿ ಕೊಡಲಿ. ಘಟಕ ಪರೀಕ್ಷೆಯ ಪ್ರಶ್ನೆಗಳು ಅದನ್ನು ಅನುಸರಿಸಲಿ.